ಈ ಬೇಸಿಗೆ ಹಾಲೆಲ್ಲ ಮರಿಗಳಿಗೆ

ಸೂಸಮಿರ್ ಹುಲ್ಲುಗಾವಲು
ಜೂನ್ ೧೮, ಬೆಳಗಿನ ಹೊತ್ತು

ಪ್ರೀತಿಯ ಕುತ್ಮಾನನ ಅಪ್ಪನಿಗೆ,

ಹೇಗಿದ್ದೀಯಾ? ಕೈ ನಡುಕ ನಿಂತಿತೇ, ಅಥವಾ ಚಹಾ ಬಟ್ಟಲು ಎತ್ತಲು ಇನ್ನೂ ಎರಡೂ ಕೈ ಬೇಕೇ? ಬೆರಳು ಹೋದ ಜಾಗ ಚಳಿಗೆ ಈಗಲೂ ಸೆಳೆಯುತ್ತದೆಯೇ? ಊಟ ಸೇರುತ್ತಿದೆಯೇ? ಅಲ್ಲಿಯ ಸಾರಿಗೆ ಉಪ್ಪು ಸಾಲದು ಎಂದು ಬರೆದಿದ್ದೆಯಲ್ಲ, ಅದಕ್ಕೇ ಅತ್ತೆ ಒಣಗಿಸಿದ ಮೊಸರುಂಡೆಯ ಗಂಟೊಂದನ್ನು ಇದರ ಜೊತೆ ಕಳಿಸುತ್ತಿದ್ದಾರೆ. ಡಾಕ್ಟರಮ್ಮನಿಗೆ ತೋರಿಸಿ, ಅವರು ಹೂಂ ಅಂದ ಮೇಲೆಯೇ ಬಾಯಿಗೆ ಹಾಕಿಕೊಳ್ಳಬೇಕಂತೆ, ಕಟ್ಟಪ್ಪಣೆ. ಮೊಸರುಂಡೆಗೂ ಡಾಕ್ಟರ ಒಪ್ಪಿಗೆ ಕೇಳುವ ಕಾಲ ಬಂತು ನೋಡು ನಿನ್ನ ಅಮ್ಮನಿಗೆ.

ನಾವೆಲ್ಲ ಚೆನ್ನಾಗಿದ್ದೇವೆ. ಕುತ್ಮಾನನಿಗೆ ಮೇಲಿನ ಹಲ್ಲು ಬರುತ್ತಿದೆ. ಅವನಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಅವನು ಅಪರೂಪಕ್ಕೆ ಗಾಢವಾಗಿ ಮಲಗಿದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಡುತ್ತೇನೆ, ಬೆರಳಿಟ್ಟದ್ದಕ್ಕೇ ಎಚ್ಚರವಾಗುತ್ತಾನೆ. "ನಿದ್ದೆ ಮಾಡೋ ಮಗೂನ ತನಿಖೆ ಮಾಡ್ತಾಳಲ್ಲಪ್ಪಾ ಇವಳು, ಪೊಲೀಸಿನೋರ ಹಾಗೆ!" ಎಂದು ಅತ್ತೆ ಬೈದು ಅವನನ್ನು ಎತ್ತಿಕೊಂಡು ಹೊಳೆಯ ಕಡೆ ಹೋಗಿದ್ದಾರೆ. ಹೋಗುವಾಗ ನನಗೆ ಮಲಗಲು ಹೇಳಿದರು. ನಾನು ಮಲಗದೆ ನಿನಗೆ ಬರೆಯಲು ಕುಳಿತೆ. ಅವರ ಎದುರು ನಿನ್ನ ಹೆಸರು ಹಿಡಿದು ಕರೆಯುವುದಿಲ್ಲ. ಕಾಗದದಲ್ಲಿ ಯಾರ ಹಂಗು? ಬೈಸಲ್, ಬೈಸಲ್, ಬೈಸಲ್.

ನಿನ್ನ ಕಾಗದ ನಾವು ಗುಡಾರ ಹೇರಿಕೊಂಡು ಮೇಲಕ್ಕೆ ಹೊರಡುವ ಮುನ್ನವೇ ಬಂದಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಲ್ಲಿಗೆ ಬರುವುದಿಲ್ಲ, ನೇರ ರಷ್ಯಾಕ್ಕೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರುತ್ತೇನೆ ಎಂದು ಬರೆದಿದ್ದೆ. "ನಮ್ಮ ಕಣಿವೆಯಲ್ಲಿ ಬಟ್ಟಲು ಇಲ್ಲದ ಗುಡಾರ ಎಲ್ಲಿದೆ ಹೇಳು" ಎಂದು ಕೇಳಿದ್ದೆ. ಇಷ್ಟು ದಿನ ನಾನು ಉತ್ತರ ಬರೆಯದೇ ಇದ್ದದ್ದು ಕೋಪದಿಂದಲ್ಲ. ನಿನ್ನ ಮಾತು ನಿಜವಾಗಿತ್ತು, ಅದಕ್ಕೆ ಎದುರಾಗಿ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಕಾಗದವನ್ನು ನಾನು ಅತ್ತೆಗೆ ಓದಿ ಹೇಳಿದೆ. ಅವರು ಹಿಟ್ಟು ನಾದುತ್ತಿದ್ದರು. ಪೂರಾ ಕೇಳಿದರು, ಹಿಟ್ಟನ್ನು ಮಾತ್ರ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಾದಿದರು. ಅವತ್ತಿನ ರೊಟ್ಟಿ ಹಲ್ಲಿಗೆ ಸಿಕ್ಕದಷ್ಟು ಗಟ್ಟಿಯಾಗಿತ್ತು.

ಹೋದ ಬೇಸಿಗೆ ನಿನಗೆ ನೆನಪಿರಬೇಕು. ಅದಕ್ಕೂ ಮುಂಚೆ ಒಮ್ಮೆ ಚಿಕಿತ್ಸೆ ಮುಗಿಸಿ, ಕೆನ್ನೆ ತುಂಬಿಕೊಂಡು, ವೋಡ್ಕಾ ಎಂಬ ಪದ ಕೇಳಿದರೇ ಮುಖ ತಿರುಗಿಸುವವನಾಗಿ ನೀನು ಮನೆಗೆ ಬಂದಿದ್ದೆ. ಅತ್ತೆ ಸಂತೋಷಕ್ಕೆ ಏನು ಕೊಟ್ಟಾರು? ತಮ್ಮ ಕೈಯ ಕುಮಿಸ್. ಹೊಗೆ ಹಿಡಿಸಿದ ತೊಗಲಚೀಲದಲ್ಲಿ ಹುಳಿಬಂದ, ಕಡೆಗೋಲಿನ ಸದ್ದಿನಿಂದಲೇ ಹದ ಗುರುತಿಸಿ ತೆಗೆದ ಕುದುರೆ ಹಾಲು. "ಕುಡಿ ಮಗಾ, ಆ ದರಿದ್ರ ವೋಡ್ಕಾ ಸುಟ್ಟಿದ್ದನ್ನೆಲ್ಲ ಇದು ತೊಳೆದು ತೆಗೆಯುತ್ತೆ." ಯಾರಿಗೂ ಅದು ಕುಡಿತ ಅನಿಸಲಿಲ್ಲ. ಕಾಲೇಜಿನಲ್ಲಿ ಹುದುಗುವಿಕೆಯ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದ ನನಗೂ ಅನಿಸಲಿಲ್ಲ. ಕುಮಿಸ್ ಕುಡಿಯುವುದನ್ನು ಇಲ್ಲಿ ಯಾರು ಕುಡಿಯುವುದೆಂದು ಕರೆಯುತ್ತಾರೆ? ಅದು ಊಟ, ಔಷಧಿ, ಮರ್ಯಾದೆ. ಮಗು ಹುಟ್ಟಿದ ಖುಷಿಗೆ ಒಂದು ಬಟ್ಟಲು, ನೆಂಟರು ಬಂದರೆಂದು ಒಂದು, ಬಾಯಾರಿತೆಂದು ಇನ್ನೊಂದು. ಬೇಸಿಗೆ ಕಳೆಯುವಷ್ಟರಲ್ಲಿ ನಿನಗೆ ಖಾರ ಬಂದ ಹಳೆಯ ಕುಮಿಸ್ಸೇ ಬೇಕಾಗುತ್ತಿತ್ತು. ಹೊಸದು ನೀರಿನ ಹಾಗಿದೆ ಎನ್ನುತ್ತಿದ್ದೆ. ಗುಡಾರ ಇಳಿಸಿ ಊರಿಗೆ ಹೋದ ಮೇಲೆ ಕುಮಿಸ್ ಮುಗಿಯಿತು, ಬಾಟಲಿ ಬಂತು. ಆಮೇಲಿನದು ನಿನಗೆ ನೆನಪಿಲ್ಲ, ನನಗಿದೆ. ಹೊಳೆಯ ದಂಡೆಯಲ್ಲಿ ಹಿಮದ ಮೇಲೆ ನೀನು ಬಿದ್ದಿದ್ದೆ. ನಿನ್ನ ಕಂದು ಕುದುರೆ ಕದಲದೆ ನಿನ್ನ ಮೇಲೆ ನೆರಳಾಗಿ ನಿಂತಿತ್ತು. ಅದನ್ನು ನೋಡಿಯೇ ನೆರೆಯ ಎಷಿಮ್ ಅಜ್ಜ ಹತ್ತಿರ ಬಂದದ್ದು. ಕುದುರೆಗೆ ಇದ್ದಷ್ಟು ತಾಳ್ಮೆ ಚಳಿಗೆ ಇರಲಿಲ್ಲ, ಎಡಗೈಯ ಎರಡು ಬೆರಳು ತೆಗೆದುಕೊಂಡಿತು.

ಮೇ ತಿಂಗಳಲ್ಲಿ ನಿನ್ನನ್ನು ನೋಡಲು ಬಂದಾಗ ಡಾಕ್ಟರಮ್ಮ ನಮ್ಮನ್ನು ಬೇರೆ ಕೋಣೆಗೆ ಕರೆದರಲ್ಲ, ಅಲ್ಲಿ ನಡೆದ ಮಾತು ನಿನಗೆ ಗೊತ್ತಿಲ್ಲ. "ಕುಮಿಸ್ ಕೂಡ ಬೇಡ ಅಜ್ಜಿ" ಎಂದರು ಅವರು. ಅತ್ತೆ ನಕ್ಕುಬಿಟ್ಟರು. "ಮಗಳೇ, ಕುಮಿಸ್ ಅಂದ್ರೆ ಹಾಲು ಕಣೇ. ನಿಮ್ಮ ಪಟ್ಟಣದೋರೇ ಎದೆ ಗಟ್ಟಿಯಾಗ್ಲಿ ಅಂತ ಕಾರು ಮಾಡ್ಕೊಂಡು ನನ್ನ ಗುಡಾರಕ್ಕೆ ಬರ್ತಾರೆ." "ನಿಮಗೆ ಹಾಲು ಅಜ್ಜಿ. ನಿಮ್ಮ ಮಗನ ಮೈಗೆ ಅದು ಬಾಟ್ಲಿಯ ತಂಗಿ. ಮೊದ್ಲು ತಂಗಿ ಬರ್ತಾಳೆ, ಅವಳ ಸೆರಗು ಹಿಡ್ಕೊಂಡು ಅಕ್ಕ ಬರ್ತಾಳೆ. ಹೋದ ವರ್ಷ ಯಾವ ಬಟ್ಟಲಿಂದ ಶುರುವಾಯ್ತು, ನೀವೇ ಯೋಚ್ನೆ ಮಾಡಿ." ನಾನು ಮಗುವಿಗೂ ಇದು ರಕ್ತದಲ್ಲಿ ಬರುತ್ತದೆಯೇ ಎಂದು ಕೇಳಿದೆ. ಬರಬಹುದು, ಬರದೆಯೂ ಇರಬಹುದು, ಮನೆಯಲ್ಲಿ ಕಣ್ಣಿಗೆ ಬೀಳುವುದು ಏನು ಎಂಬುದೂ ಮುಖ್ಯ ಎಂದರು. ವಾಪಸು ವ್ಯಾನಿನಲ್ಲಿ, ಘಟ್ಟದ ಸುರಂಗ ದಾಟಿದ ಮೇಲೆ, ಅತ್ತೆ ನನ್ನ ಕಡೆ ನೋಡದೆಯೇ, "ನಾನೇ ಬಟ್ಟಲು ತುಂಬ್ಸಿ ಕೊಟ್ಟೆ ಅಲ್ವೇನೇ" ಎಂದರು. ಅಷ್ಟೇ. ನಾನು ಅವರ ಕೈ ಹಿಡಿದುಕೊಂಡೆ. ಆ ಕೈ ಎಷ್ಟು ಒರಟು, ಎಷ್ಟು ಬಿಸಿ!

ಈಗ ಕೇಳು. ನಾವು ಮೇಲೆ ಬಂದು ಗುಡಾರ ಹಾಕಿದ ಮೇಲೆ, ಕುದುರೆಮರಿಗಳನ್ನು ತಾಯಿಯಿಂದ ಬಿಡಿಸಿ ಮೊದಲ ಸಲ ಕಟ್ಟಿ ಹಾಲು ಕರೆಯುವ ದಿನ ಬಂತು. ಪ್ರತಿ ವರ್ಷ ಅದು ಕಣಿವೆಯಲ್ಲೆಲ್ಲ ಮೊದಲು ನಡೆಯುವುದು ನಮ್ಮ ಗುಡಾರದ ಮುಂದೆಯೇ ಅಲ್ಲವೇ. ಯಾರನ್ನೂ ಕರೆಯಬೇಕಾಗಿಲ್ಲ, ಎಲ್ಲರೂ ಬಂದರು. ಅತ್ತೆ ಮರಿಗಳನ್ನು ಕಟ್ಟುವ ಉದ್ದ ಹಗ್ಗಕ್ಕೆ ಬೆಣ್ಣೆ ಸವರಿದರು, ಎಷಿಮ್ ಅಜ್ಜ ಅಂಗೈ ಎತ್ತಿ ಹರಸಿದ, ಎಲ್ಲರೂ ಮುಖ ನೇವರಿಸಿಕೊಂಡರು. ಮರಿಗಳನ್ನು ಹಿಡಿಯಲು ನಾನು ಎದ್ದೆ. ಅತ್ತೆ ನನ್ನ ತೋಳು ಮುಟ್ಟಿ ನಿಲ್ಲಿಸಿದರು. ನನಗೂ ಮೊದಲೇ ಹೇಳಿರಲಿಲ್ಲ. ಎಲ್ಲರ ಕಣ್ಣೆದುರಿಗೆ ಬೆಣ್ಣೆ ಸವರಿದ ಹಗ್ಗವನ್ನು ಸುತ್ತಿ ಸುತ್ತಿ, ಗುಡಾರದ ಒಳಗೋಡೆಯ ಗೂಟಕ್ಕೆ ನೇತುಹಾಕಿ ಬಂದರು. "ಈ ಬೇಸಿಗೆ ಹಾಲೆಲ್ಲ ಮರಿಗಳಿಗೆ. ಬನ್ನಿ, ಚಹಾ ಕುಡಿಯೋಣ" ಎಂದರು.

ನೀನು ಆ ಮುಖಗಳನ್ನು ನೋಡಬೇಕಿತ್ತು. ಎಷಿಮ್ ಅಜ್ಜ, "ಏನ್ ತಾಯೀ, ವಯಸ್ಸಾಗ್ತಾ ಮುಷ್ಟಿ ಬಿಗಿಯಾಯ್ತಾ? ಕುದುರೆ ಇಟ್ಕೊಂಡು ಬರೀ ಚಹಾ ಕೊಡೋಳನ್ನ ನಮ್ಮಪ್ಪನ ಕಾಲ್ದಲ್ಲೂ ಕಂಡಿಲ್ಲ" ಎಂದ. ನಮ್ಮಲ್ಲಿ ಕಳ್ಳ ಎಂದು ಕರೆಸಿಕೊಂಡವನು ತಲೆಯೆತ್ತಿ ತಿರುಗಬಹುದು, ಜಿಪುಣಿ ಎಂದು ಕರೆಸಿಕೊಂಡವಳು ತಿರುಗುವಂತಿಲ್ಲ. ಆಚೆ ಗುಡಾರದ ಕಾಲಿಪಾ ಅಕ್ಕ ಬಿಟ್ಟಾಳೆಯೇ? "ಅವರ ಮುಷ್ಟಿ ಅಲ್ಲಪ್ಪ ಅದು. ಕಾಲೇಜು ಓದಿದ ಸೊಸೆ ಬಂದಿದ್ದಾಳಲ್ಲ, ಅಂಗಡಿ ಪೊಟ್ಟಣದ ಹಾಲು ಕುಡಿಯೋದು ಕಲಿಸಿರ್ಬೇಕು!" ಎಂದಳು. ನನ್ನ ಕಿವಿ ಸುಟ್ಟಿತು. ಅಷ್ಟರಲ್ಲಿ ಅತ್ತೆ, "ನನ್ನ ಸೊಸೆ ತಂಟೆಗೆ ಬರ್ಬೇಡ ಕಾಲಿಪಾ. ನನ್ನ ಮಣಿಕಟ್ಟು ಹೋಗಿದೆ. ಹಾಲು ಕರೆಯೋಕೂ ಆಗಲ್ಲ, ಕಡೆಯೋಕೂ ಆಗಲ್ಲ. ಮುದುಕಿ ಆದೆ, ಇನ್ನೇನು" ಎಂದುಬಿಟ್ಟರು. ಬೈಸಲ್, ಇಡೀ ಸೂಸಮಿರಿನಲ್ಲಿ ಇಂಥ ಕೈ ಇಲ್ಲ ಎಂದು ಹೊಗಳಿಸಿಕೊಂಡ ಹೆಂಗಸು, ಆ ಕೈಗಳನ್ನೇ ಸತ್ತವು ಎಂದು ಹೇಳಿಕೊಂಡಳು. ನಿನ್ನ ಹೆಸರು ಬಾರದಿರಲಿ ಎಂದು.

ಎಷಿಮ್ ಅಜ್ಜನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಮನೆಯ ಕುಮಿಸ್ ಬಾಟಲಿಯನ್ನು ಕೋಟಿನ ಒಳಗಿನಿಂದ ತೆಗೆದು, ಬೆರಳು ಅದ್ದಿ, ನನ್ನ ತೊಡೆಯ ಮೇಲಿದ್ದ ಕುತ್ಮಾನನ ತುಟಿಯ ಕಡೆ ಚಾಚಿದ. "ಬಾರಪ್ಪಾ ಕುದುರೆ ಸವಾರ, ನಿಮ್ಮಜ್ಜಿ ಕೊಡದೇ ಇದ್ರೆ ನಾನಿದೀನಿ." ಹಿರಿಯರ ಕೈ, ಹರಸುವ ಕೈ. ಅಡ್ಡ ಬರಲು ನನ್ನಂಥ ಸೊಸೆಗೆ ಬಾಯಿಯುಂಟೇ? ಒಂದು ಹನಿಯಿಂದ ಏನೂ ಆಗುವುದಿಲ್ಲ ಎಂದು ನನ್ನ ಓದು ಹೇಳುತ್ತಿತ್ತು, ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ. ಅತ್ತೆ ಮೊದಲೇ ಮಗುವನ್ನು ಎತ್ತಿ ಅವನ ಮುಖವನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. "ಬೇಡ ಅಣ್ಣಾ, ಹಲ್ಲು ಬರ್ತಿದೆ, ಬೆರಳು ಕಿತ್ತು ತಿಂತಾನೆ. ಆಮೇಲೆ ಕೊಮುಜ್ ತಂತಿ ಮೀಟೋದು ಹೇಗೆ ನೀನು?" ಎಲ್ಲರೂ ನಕ್ಕರು. ಅಜ್ಜ ಬೆರಳನ್ನು ತಾನೇ ಚೀಪಿಕೊಂಡ.

ಆದರೆ ಸುಳ್ಳು ಸುಮ್ಮನೆ ಬಿಡುತ್ತದೆಯೇ? ಮಣಿಕಟ್ಟಿನ ಸುದ್ದಿ ಕಣಿವೆಯೆಲ್ಲ ಹಬ್ಬಿತು. ಜಿಪುಣಿ ಎಂದವರೇ ಕರಗಿದರು. ಒಬ್ಬರು ಕರಡಿ ಕೊಬ್ಬು ತಂದರು, ಇನ್ನೊಬ್ಬರು ನಾಯಿ ಉಣ್ಣೆಯ ಪಟ್ಟಿ ಹೆಣೆದು ತಂದು ತಾವೇ ಕಟ್ಟಿ ಹೋದರು. ಈ ಬಿಸಿಲಿನಲ್ಲಿ ಅತ್ತೆ ಎರಡೂ ಕೈಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು, ಕರಡಿ ಕೊಬ್ಬಿನ ನಾತ ಹೊತ್ತು ಓಡಾಡಬೇಕಾಯಿತು. ಸೌದೆ ಒಡೆಯುತ್ತಿರುವಾಗ ದಿಬ್ಬದ ಮೇಲೆ ಯಾರದಾದರೂ ಕುದುರೆ ಕಂಡರೆ ಸಾಕು, ಕೊಡಲಿ ನನ್ನ ಕೈಗೆ ತುರುಕಿ, ಮಣಿಕಟ್ಟು ಹಿಡಿದುಕೊಂಡು "ಅಯ್ಯೋ" ಎನ್ನುತ್ತಾ ಕುಳಿತುಬಿಡುವರು. ಬಂದವರು ನನ್ನ ಕಡೆ ಕನಿಕರದಿಂದ ನೋಡುವರು. ನಾನು ನಗು ತಡೆಯಲಾರದೆ ಸೌದೆಯ ರಾಶಿಯ ಹಿಂದೆ ಹೋಗುತ್ತಿದ್ದೆ. ನಾನು ನಕ್ಕು ಎಷ್ಟು ಕಾಲವಾಗಿತ್ತು ಎಂಬುದು ಆಗಲೇ ಗೊತ್ತಾದದ್ದು. ಇನ್ನು ನಮ್ಮ ಮರಿಗಳೋ, ದಿನವಿಡೀ ತಾಯಿ ಹಾಲು ಕುಡಿದು ಹಿಟ್ಟಿನ ಮೂಟೆಗಳಾಗಿವೆ. ಓಡಲು ಬರುವುದಿಲ್ಲ, ಉರುಳುತ್ತವೆ.

ಮೊನ್ನೆ ಬೆಳಿಗ್ಗೆ ಕಾಲಿಪಾ ಅಕ್ಕ ತನ್ನ ಹೆಣ್ಣುಮಕ್ಕಳನ್ನೂ ಬಕೆಟ್ಟುಗಳನ್ನೂ ಕಟ್ಟಿಕೊಂಡು ಬಂದಳು. ತೋಳು ಮಡಿಸಿಯೇ ಬಂದಿದ್ದಳು. "ಅಕ್ಕಾ, ನೀನು ಕೂತ್ಕೋ. ನಾವು ಕರೀತೀವಿ, ಹುಡುಗೀರು ಕಡೀತಾರೆ, ನೀನು ಹದ ಹೇಳಿದ್ರೆ ಸಾಕು. ನಿನ್ನ ಚೀಲ ಖಾಲಿ ಬಿದ್ದಿರೋದನ್ನ ನೋಡೋಕಾಗಲ್ಲ ನನ್ ಕೈಲಿ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಅವತ್ತು, ಮನಸಲ್ಲಿಟ್ಕೋಬೇಡ." ಗೂಟದಲ್ಲಿದ್ದ ಹಗ್ಗಕ್ಕೆ ಕೈ ಹಾಕಿಯೂ ಆಯಿತು. ಬೈಗುಳವನ್ನು ಅತ್ತೆ ತಡೆದುಕೊಂಡಿದ್ದರು. ಈ ಒಳ್ಳೆಯತನವನ್ನು ತಡೆಯುವುದು ಹೇಗೆ? ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇನ್ನೊಂದು ಸುಳ್ಳು ಹುಡುಕುತ್ತಾರೆ ಎಂದುಕೊಂಡೆ. ನಾನೇ ಒಂದನ್ನು ಹುಡುಕಿಟ್ಟಿದ್ದೆ, ಕುದುರೆಗಳಿಗೆ ಕೆಚ್ಚಲುಬಾವು ಎಂದು.

ಅತ್ತೆ ಉಣ್ಣೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಮಡಚಿ ಇಟ್ಟರು. "ಕಾಲಿಪಾ, ಬಕೆಟ್ ಕೆಳಗಿಡು. ನನ್ನ ಕೈಗೇನೂ ಆಗಿಲ್ಲ, ಸುಳ್ಳು ಹೇಳ್ದೆ. ನನ್ನ ಮಗ ಕುಡುಕ. ಅವನು ಹೋಗಿರೋದು ಕೆಲಸಕ್ಕಲ್ಲ, ಆಸ್ಪತ್ರೆಗೆ. ನಮ್ಮ ಕುಮಿಸ್ಸಿಂದ ಅವನಿಗೆ ಮತ್ತೆ ಶುರುವಾಗುತ್ತೆ, ನಾನೇ ಕೊಟ್ಟು ನೋಡಿದೀನಿ. ಚೀಲ ತುಂಬಿರೋ ಮನೆಗೆ ಬರಲ್ಲ ಅಂತ ಬರ್ದಿದಾನೆ. ಇಡೀ ಕಣಿವೆ ಚೀಲ ಖಾಲಿ ಮಾಡೋಕೆ ನನ್ ಕೈಲಾಗಲ್ಲ. ನನ್ ಮನೇದು ಮಾಡ್ಬಲ್ಲೆ. ಮಾಡಿದೀನಿ. ಈಗ ಹೋಗಿ ಎಲ್ಲರಿಗೂ ಹೇಳು, ನಿನಗೆ ಹೇಗಿದ್ರೂ ಬಾಯಿ ನಿಲ್ಲಲ್ಲ."

ಕುಡುಕ. ಆ ಪದವನ್ನು ನಮ್ಮ ಗುಡಾರದೊಳಗೆ ಯಾರೂ ಆಡಿರಲಿಲ್ಲ. ಸ್ವಲ್ಪ ಜಾಸ್ತಿಯಾಗಿದೆ, ದಣಿದಿದ್ದಾನೆ, ಹೊಟ್ಟೆ ಸರಿಯಿಲ್ಲ, ಹೀಗೇ ಬಟ್ಟೆ ಹೊದಿಸುತ್ತಿದ್ದೆವು. ಕೇಳಿ ನನಗೆ, ಕ್ಷಮಿಸು, ನಾಚಿಕೆಯಾಗಲಿಲ್ಲ. ಮೂಟೆಯೊಂದನ್ನು ಬೆನ್ನಿನಿಂದ ಇಳಿಸಿದ ಹಾಗಾಯಿತು. ಕಾಲಿಪಾ ಅಕ್ಕ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತಳು. "ಇದನ್ನ ಅವತ್ತೇ ಹೇಳೋಕೇನಾಗಿತ್ತು? ಸುಮ್ನೆ ನಮ್ಮನೆ ಕರಡಿ ಕೊಬ್ಬು ದಂಡ" ಎಂದಳು. ಮತ್ತೆ ನೆಲ ನೋಡುತ್ತಾ, "ನನ್ ತಮ್ಮ ಹಿಮಕ್ಕೆ ಸಿಕ್ಕಿ ಸತ್ತ ಅಂತೀವಲ್ಲ ಅಕ್ಕಾ. ಹಿಮ ಏನ್ ಮಾಡುತ್ತೆ ಪಾಪ" ಎಂದಳು. ಅವಳ ಹುಡುಗಿಯರು ಪರಸ್ಪರ ಮುಖ ನೋಡಿಕೊಂಡರು. ಅವರಿಗೂ ಅದು ಮೊದಲ ಸಲ ಕೇಳಿದ್ದಿರಬೇಕು. ಅತ್ತೆ ಅವಳಿಗೆ ಚಹಾ ಹಾಕಿಕೊಟ್ಟರು.

ಎಲ್ಲರೂ ಕಾಲಿಪಾ ಅಕ್ಕ ಆಗುವುದಿಲ್ಲ. ರಸ್ತೆಬದಿಯ ಗುಡಾರದವರು ಹಾಲು ಕರೆಯದ ಮುದುಕಿಯೆಂದು ನಗುತ್ತಾರಂತೆ, ನಗಲಿ. ಆದರೆ ನಿನ್ನೆ ಎಷಿಮ್ ಅಜ್ಜ ಬಂದ. ಕುದುರೆಯಿಂದ ಇಳಿದು, ಕೋಟಿನೊಳಗಿನ ಬಾಟಲಿ ತೆಗೆದು ಜೀನಿಗೆ ಕಟ್ಟಿ, ಹೊರಗೇ ಬಿಟ್ಟು ಒಳಗೆ ಬಂದ. ಯಾರೂ ಹೇಳಿರಲಿಲ್ಲ. ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡು, ಅತ್ತೆಯ ಕಡೆ ನೋಡಿ, "ಮಗ ಬರ್ಲಿ ತಾಯೀ" ಎಂದ, ಅಷ್ಟೇ. ಅವನು ಹೋದ ಮೇಲೆ ಅತ್ತೆ ನನಗೆ ಒಂದು ಮಾತು ಹೇಳಿದರು, ಇದನ್ನು ನಿನಗೆ ತಪ್ಪದೆ ಬರೆಯಬೇಕಂತೆ. ಯಾವ ಬಾಗಿಲಿಗೆ ಹೋದರೂ ರೊಟ್ಟಿ ಮುರಿದು ಬಾಯಿಗೆ ಮುಟ್ಟಿಸಿದರೆ ಆ ಮನೆಯ ಮರ್ಯಾದೆ ಉಳಿಯುತ್ತದೆ. ಹಿರಿಯರು ಹೇಳಿಹೋದದ್ದು ರೊಟ್ಟಿಯ ಮಾತು. ಬಟ್ಟಲು ಖಾಲಿ ಮಾಡಲೇಬೇಕು ಎಂದು ಯಾರೂ ಹೇಳಿಲ್ಲ. "ಅವನು ರೊಟ್ಟಿ ಮುರೀಲಿ. ಬಟ್ಟಲು ಕೊಟ್ಟವರಿಗೆ ನನ್ ಹೆಸರು ಹೇಳ್ಲಿ. ಆಮೇಲೆ ಅವರು ಬಂದು ನನ್ ಜೊತೆ ಜಗಳ ಆಡ್ಕೊಳ್ಲಿ."

ಇನ್ನೊಂದು ಮಾತನ್ನೂ ಹೇಳಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. "ಅವನು ಕುಡಿದು ಬಂದ್ರೆ ಬಾಗಿಲು ತೆಗೀಬೇಡ ಮಗಳೇ. ನಾನು ತೆಗೆಯೋಕೆ ಹೋದ್ರೆ ನನ್ನನ್ನೂ ಹಿಡ್ಕೋ." ಹೇಳುವಾಗ ಅವರು ಅಳಲಿಲ್ಲ, ಅತ್ತವಳು ನಾನು. ನಿನ್ನ ಮೇಲೆ ನಂಬಿಕೆ ಇದೆಯೇ ಎಂದು ನನ್ನನ್ನು ಕೇಳಬೇಡ. ನಂಬಿಕೆಯೂ ನಿದ್ದೆಯ ಹಾಗೆ, ಬಾ ಎಂದರೆ ಬರುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಂತ ಸದ್ದಾದರೆ ಈಗಲೂ ಕೈಯ ಕೆಲಸ ಬಿಟ್ಟು, ಇಳಿದವನ ನಡಿಗೆ ನೇರವಿದೆಯೇ ಎಂದು ನೋಡುತ್ತೇನೆ. ಆದರೆ ಗೂಟದಲ್ಲಿ ಸುತ್ತಿಟ್ಟ ಆ ಹಗ್ಗವನ್ನು ದಿನಾ ನೋಡುತ್ತೇನೆ. ಬೆಣ್ಣೆ ಒಣಗಿ ಬಿಳಿಯಾಗಿದೆ. ತನ್ನ ಹೆಸರು, ಹೆಮ್ಮೆ, ಕೈಯ ಕಸುಬು ಎಲ್ಲವನ್ನೂ ಒಂದು ಬೇಸಿಗೆಗೆ ಗೂಟಕ್ಕೆ ನೇತುಹಾಕುವುದು ಸಾಧ್ಯವಿದ್ದರೆ, ಬಟ್ಟಲು ಒಂದನ್ನು ಬೇಡ ಎನ್ನುವುದೂ ಸಾಧ್ಯವಿರಬೇಕು ಎಂದುಕೊಳ್ಳುತ್ತೇನೆ. ನೀನು ಅವರ ಮಗನಲ್ಲವೇ? ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ಬಟ್ಟಲು ಇಲ್ಲದ ಗುಡಾರ ಒಂದಿದೆ. ರಷ್ಯಾದ ದಾರಿ ಹಿಡಿಯುವ ಮುನ್ನ ಈ ದಾರಿ ಒಮ್ಮೆ ನೋಡು.

ನಿನ್ನ ಕೋಣೆಯ ಗೆಳೆಯರಿಗೆ ನನ್ನ ವಂದನೆ ಹೇಳು, ಡಾಕ್ಟರಮ್ಮನಿಗೆ ಅತ್ತೆಯ ಆಶೀರ್ವಾದ. ನಿನ್ನ ಕಂದು ಕುದುರೆ ಚೆನ್ನಾಗಿದೆ, ಅದಕ್ಕೆ ಸಕ್ಕರೆ ಕೊಡುವಾಗ ನಿನ್ನ ಹೆಸರು ಹೇಳಿ ಕೊಡುತ್ತೇನೆ. ನಿನ್ನ ದಾರಿ ಬೆಳ್ಳಗಿರಲಿ, ಬೆನ್ನು ಬೆಚ್ಚಗಿರಲಿ.

ನಿನ್ನ
ಜಿಪಾರ್

ಮರೆತಿದ್ದೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಕುತ್ಮಾನ್ ನಿನ್ನೆ ನಡೆದ! ನೀರಿನ ಕೊಡದಿಂದ ಬಾಗಿಲಿನವರೆಗೆ, ಏನೂ ಹಿಡಿಯದೆ. ಅತ್ತೆ ಕಣ್ಣಾರೆ ನೋಡಿದರು, ಅವನನ್ನು ಹಿಡಿದು ಕೂರಿಸಿ, "ನಡೆದಿಲ್ಲ. ನಾವು ಯಾರೂ ನೋಡಿಲ್ಲ. ಅವನಪ್ಪ ಬರೋವರೆಗೂ ಇವನಿಗೆ ನಡೆಯೋಕೆ ಬರಲ್ಲ" ಎಂದರು. ಮೊದಲ ಹೆಜ್ಜೆಯ ಶಾಸ್ತ್ರಕ್ಕೆ ಅವನ ಕಾಲಿಗೆ ಕಟ್ಟಿ ಕತ್ತರಿಸುವ ಕಪ್ಪು ಬಿಳಿ ದಾರವನ್ನು ಅವರೇ ನೂತು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದಾರೆ. ದಾರ ಕತ್ತರಿಸುವ ದಿನ ಬರೀ ಚಹಾ, ಹೇಳಿಯಾಗಿದೆ ಎಲ್ಲರಿಗೂ. ಆದರೆ ನೀನು ಬೇಗ ಬರಬೇಕು, ಇವನನ್ನು ಎಷ್ಟು ದಿನ ಕೂರಿಸಿಡಲು ಆಗುತ್ತದೆ ನಮ್ಮಿಬ್ಬರಿಂದ? ಬಂದಾಗ ಮೊದಲ ಸಲ ನೋಡಿದವನ ಹಾಗೆ ಬಾಯಿ ತೆರೆದು ನಿಲ್ಲು. ಇದನ್ನು ನಿನಗೆ ಬರೆಯುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೇನೆ.